ಉರಿಯೂತದ ಸಂಧಿವಾತ: ಪದೇ ಪದೇ ಕೇಳುವ ಪ್ರಶ್ನೆಗಳು

ಕೀಲುನೋವೆಂದರೆ ವಯಸ್ಸಾದವರ ಕಾಯಿಲೆ, ಹೇಗೋ ಸಹಿಸಿಕೊಂಡು ಹೋಗಬೇಕು ಎಂಬ ನಂಬಿಕೆ ತುಂಬ ಗಟ್ಟಿಯಾಗಿ ಬೇರೂರಿದೆ. ಹಾಗಾಗಿಯೇ ಬೆರಳು ಊದಿಕೊಂಡ ಹರೆಯದವರೂ ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡು ದಿನ ದೂಡುತ್ತಾರೆ. ಚಿಕಿತ್ಸೆ ಅತಿ ಹೆಚ್ಚು ಫಲ ಕೊಡುವುದು ಆ ಮೊದಲ ತಿಂಗಳುಗಳಲ್ಲೇ. ನಾನು ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಉರಿಯೂತದ ಸಂಧಿವಾತ ಇರುವವಳು, ವೈದ್ಯಳಲ್ಲ. ಹೊಸದಾಗಿ ಕಾಯಿಲೆ ಗೊತ್ತಾದವರು, ಅವರ ಮನೆಯವರು, ಜೊತೆಗೆ ಕೆಲಸ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಿಮ್ಮ ಮಾತ್ರೆಯ ಪ್ರಮಾಣ, ಬದಲಾವಣೆ ಎಲ್ಲವನ್ನೂ ನಿಮ್ಮ ವೈದ್ಯರೊಂದಿಗೇ ತೀರ್ಮಾನಿಸಿ.

ಇದೂ ಮಂಡಿ ಸವೆತವೂ ಒಂದೇ ಅಲ್ಲವೇ?

ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ. ಮಂಡಿ ಸವೆತದಲ್ಲಿ, ಅಂದರೆ ಆಸ್ಟಿಯೋಆರ್ಥ್ರೈಟಿಸ್‌ನಲ್ಲಿ, ಕೀಲಿನೊಳಗಿನ ಮೃದ್ವಸ್ಥಿ (ಕಾರ್ಟಿಲೇಜ್) ವರ್ಷಗಟ್ಟಲೆ ನಿಧಾನವಾಗಿ ತೆಳುವಾಗುತ್ತ ಹೋಗುತ್ತದೆ. ನಡೆದಷ್ಟೂ ನೋವು ಹೆಚ್ಚುತ್ತದೆ, ಕುಳಿತರೆ ಇಳಿಯುತ್ತದೆ. ರುಮಟಾಯ್ಡ್‌ನಂಥ ಕಾಯಿಲೆಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಪೊರೆ ದಪ್ಪವಾಗುತ್ತದೆ, ಕೀಲಿನಲ್ಲಿ ನೀರು ತುಂಬುತ್ತದೆ. ಹಾಗೇ ಬಿಟ್ಟರೆ ಆ ಪೊರೆ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ.

ಲಕ್ಷಣವೂ ತಲೆಕೆಳಗು. ಮಲಗಿ ಎದ್ದಾಗ, ಬಹಳ ಹೊತ್ತು ಕುಳಿತು ಏಳುವಾಗ ಬಿಗಿತ ಜಾಸ್ತಿ. ಓಡಾಡುತ್ತ ಹೋದಂತೆ ಸಡಿಲವಾಗುತ್ತದೆ. ಸವೆತದಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಉರಿಯೂತವಿದ್ದರೆ ಒಂದು ಗಂಟೆಯಾದರೂ ಮುಷ್ಟಿ ಮಡಚಲು ಆಗದಿರಬಹುದು.

ಇದರಲ್ಲಿ ಯಾವ ಯಾವ ಕಾಯಿಲೆಗಳು ಸೇರುತ್ತವೆ?

ಹೆಚ್ಚು ಕೇಳಿಬರುವುದು ರುಮಟಾಯ್ಡ್ ಆರ್ಥ್ರೈಟಿಸ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 1 ಕೋಟಿ 80 ಲಕ್ಷ ಜನರಿಗೆ ಇದಿತ್ತು. ಅವರಲ್ಲಿ ಸುಮಾರು 70 ಶೇಕಡಾ ಹೆಂಗಸರು. ಬೆರಳಿನ ಗೆಣ್ಣು, ಮಣಿಕಟ್ಟು, ಪಾದದ ಮುಂಭಾಗದ ಸಣ್ಣ ಕೀಲುಗಳಲ್ಲಿ, ಹೆಚ್ಚಾಗಿ ಎರಡೂ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಬೆನ್ನಿನ ಕೆಳಭಾಗವನ್ನು ಹಿಡಿಯುತ್ತದೆ. ಸಾಮಾನ್ಯವಾಗಿ 45 ವರ್ಷಕ್ಕೆ ಮೊದಲೇ ಶುರು. ರಾತ್ರಿಯ ಉತ್ತರಾರ್ಧದಲ್ಲಿ ನೋವಿನಿಂದ ಎಚ್ಚರವಾಗುತ್ತದೆ, ಮಲಗಿದಷ್ಟೂ ಬಿಗಿಯುತ್ತದೆ, ಎದ್ದು ನಡೆದಾಡಿದರೆ ಹಗುರ. ಹಾಗಿದ್ದೂ ಇದನ್ನು ಸಾಧಾರಣ ಬೆನ್ನುನೋವೆಂದು ತಿಳಿದು, ರೋಗ ಪತ್ತೆಯಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಚರ್ಮದಲ್ಲಿ ಸೋರಿಯಾಸಿಸ್ ಇರುವವರಿಗೆ ಸೋರಿಯಾಟಿಕ್ ಆರ್ಥ್ರೈಟಿಸ್ ಬರಬಹುದು. ಇಡೀ ಬೆರಳು ಊದಿಕೊಳ್ಳುವುದು, ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂಥ ಗುಳಿಗಳು ಬೀಳುವುದು ಅದರ ಗುರುತುಗಳು. ರೋಗನಿರೋಧಕ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆ ತಿರುಗಿ ಬೀಳುವ ಲೂಪಸ್‌ನಲ್ಲೂ ಕೀಲು ಊದುತ್ತದೆ. ಗೌಟ್ ಕೂಡ ಉರಿಯೂತವೇ, ಆದರೆ ಕಾರಣ ಬೇರೆ: ಯೂರಿಕ್ ಆಮ್ಲದ ಹರಳುಗಳು ಕೀಲಿನಲ್ಲಿ ಕೂಡಿಕೊಂಡು, ಹೆಚ್ಚಾಗಿ ಕಾಲಿನ ಹೆಬ್ಬೆರಳ ಬುಡದಲ್ಲಿ, ರಾತ್ರೋರಾತ್ರಿ ತಡೆಯಲಾರದ ನೋವು ಏಳುತ್ತದೆ.

ಮಕ್ಕಳಿಗೂ ಬರುತ್ತದೆಯೇ?

ಬರುತ್ತದೆ. 16 ವರ್ಷ ತುಂಬುವ ಮೊದಲೇ ಕೀಲು ಊದಿ, ಬೇರೆ ಕಾರಣ ಕಾಣದೆ 6 ವಾರಕ್ಕೂ ಹೆಚ್ಚು ಉಳಿದರೆ ಅದನ್ನು ಜುವೆನೈಲ್ ಆರ್ಥ್ರೈಟಿಸ್ ಎನ್ನುತ್ತಾರೆ. ಪುಟ್ಟ ಮಕ್ಕಳು ನೋವೆಂದು ಬಾಯಿಬಿಟ್ಟು ಹೇಳದೇ ಇರಬಹುದು. ಬೆಳಗ್ಗೆ ಎದ್ದಾಗ ಕುಂಟುವುದು, ಓಡುತ್ತಿದ್ದ ಮಗು ಎತ್ತಿಕೊಳ್ಳೆಂದು ಹಟ ಮಾಡುವುದು, ಮಧ್ಯಾಹ್ನದ ಹೊತ್ತಿಗೆ ಸರಿಯಾಗಿಬಿಡುವುದು, ಇವೇ ಸುಳಿವುಗಳು. ಇನ್ನೊಂದನ್ನು ತಂದೆತಾಯಿ ಮರೆಯಲೇಬಾರದು: ಈ ಮಕ್ಕಳ ಕಣ್ಣಿನೊಳಗೆ ಕೆಂಪಾಗದೆ, ನೋಯದೆ ಉರಿಯೂತ ಬಂದು ದೃಷ್ಟಿ ಕೆಡಬಹುದು. ಮಗು ಕಣ್ಣಿನ ಬಗ್ಗೆ ಏನೂ ಹೇಳದಿದ್ದರೂ ವೈದ್ಯರು ಹೇಳಿದ ಅವಧಿಗೆ ಸರಿಯಾಗಿ ಕಣ್ಣಿನ ಪರೀಕ್ಷೆ ಮಾಡಿಸಿ.

ಡಾಕ್ಟರ ಬಳಿ ಯಾವಾಗ ಹೋಗಬೇಕು? ಸ್ವಲ್ಪ ದಿನ ಕಾದು ನೋಡಬಹುದೇ?

ಈ ಪುಟದಲ್ಲಿ ಒಂದೇ ಉತ್ತರ ಓದುವಿರಾದರೆ ಇದನ್ನು ಓದಿ. ಕೀಲಿನಲ್ಲಿ ನೋವಿನ ಜೊತೆ ಊತ ಇದ್ದರೆ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರಿದರೆ, ಯಾರಾದರೂ ಕೈಕುಲುಕಿದಾಗ ಬೆರಳ ಬುಡದ ಗೆಣ್ಣುಗಳಲ್ಲಿ ಜೀವ ಹೋದಂತಾದರೆ ತಡ ಮಾಡಬೇಡಿ. ಲಕ್ಷಣ ಕಾಣಿಸಿದ 6 ವಾರದೊಳಗೆ ಕೀಲುರೋಗ ತಜ್ಞರು (ರುಮಟಾಲಜಿಸ್ಟ್) ನೋಡಬೇಕು, 3 ತಿಂಗಳೊಳಗೆ ಕಾಯಿಲೆಯನ್ನೇ ತಡೆಯುವ ಔಷಧ ಶುರುವಾಗಬೇಕು ಎಂಬುದು ಯುರೋಪಿನ ತಜ್ಞರ ಸಲಹೆ. ಆ ಹೊತ್ತಿಗೆ ಮೂಳೆ ಇನ್ನೂ ಕೊರೆದಿರುವುದಿಲ್ಲ, ಅಥವಾ ಕೊರೆಯುವುದು ಆಗಷ್ಟೇ ಆರಂಭವಾಗಿರುತ್ತದೆ. ಒಮ್ಮೆ ಕೊರೆದ ಮೂಳೆಯನ್ನು ಯಾವ ಮಾತ್ರೆಯೂ ಮೊದಲಿನಂತೆ ಮಾಡಲಾರದು.

ನೋವಿನ ಮಾತ್ರೆಯಿಂದ ಹಾಯೆನಿಸಿದರೆ ಕಾಯಿಲೆ ಹೋಯಿತೆಂದಲ್ಲ. ನೋವು ಅಡಗುತ್ತದೆ, ಒಳಗೆ ಕೊರೆತ ಸಾಗುತ್ತಲೇ ಇರುತ್ತದೆ. ಎಷ್ಟೋ ಜನರ ಅಮೂಲ್ಯವಾದ ತಿಂಗಳುಗಳು ಹೋಗುವುದು ಹೀಗೆ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಎರಡು ಸಂದರ್ಭಗಳಲ್ಲಿ ದಿನಗಳನ್ನೂ ಕಾಯುವಂತಿಲ್ಲ. ಒಂದೇ ಕೀಲು ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಕಣ್ಣು ಕೆಂಪಾಗಿ ನೋಯುತ್ತ, ಬೆಳಕು ನೋಡಲಾಗದೆ ಮಂಜಾದರೂ ಅಷ್ಟೇ. ಅವತ್ತೇ ಆಸ್ಪತ್ರೆಗೆ ಹೋಗಿ.

ರಕ್ತಪರೀಕ್ಷೆ ನಾರ್ಮಲ್ ಬಂದಿದೆ. ಹಾಗಾದರೆ ಕಾಯಿಲೆ ಇಲ್ಲ ತಾನೇ?

ಹಾಗೆ ಹೇಳಲಾಗದು. ರುಮಟಾಯ್ಡ್ ಇರುವ ಸುಮಾರು ಐವರಲ್ಲಿ ಒಬ್ಬರಿಗಾದರೂ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಎಂಬ ಎರಡೂ ರಕ್ತಪರೀಕ್ಷೆಗಳು ನೆಗೆಟಿವ್ ಇರುತ್ತವೆ. ಉರಿಯೂತವನ್ನು ತೋರಿಸುವ ಇಎಸ್‌ಆರ್, ಸಿಆರ್‌ಪಿ ಕೂಡ ಕೆಲವರಲ್ಲಿ ಏರುವುದಿಲ್ಲ. ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆಯೆಂದೂ ಅಲ್ಲ. ಎಚ್‌ಎಲ್‌ಎ-ಬಿ27 ಎಂಬ, ಸ್ಪಾಂಡಿಲೈಟಿಸ್ ಜೊತೆ ನಂಟಿರುವ ವಂಶವಾಹಿ ಪಾಸಿಟಿವ್ ಇದ್ದವರಲ್ಲಿ ಹೆಚ್ಚಿನವರಿಗೆ ಜೀವನವಿಡೀ ಏನೂ ಆಗುವುದಿಲ್ಲ. ರೋಗ ಪತ್ತೆಯಾಗುವುದು ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ನಿಮ್ಮ ಮಾತು ಕೇಳಿ, ಬೇಕಾದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ. ಬರೀ ವರದಿಯ ಹಾಳೆ ನೋಡಿ ಯಾರಾದರೂ ನಿಮಗೇನೂ ಇಲ್ಲ ಎಂದರೆ, ಊದಿದ ಕೈ ತೋರಿಸಿ ಮತ್ತೊಮ್ಮೆ ಕೇಳಿ.

ನನಗೇ ಯಾಕೆ ಬಂತು? ನಾನೇನು ತಪ್ಪು ಮಾಡಿದೆ?

ಏನೂ ತಪ್ಪು ಮಾಡಿಲ್ಲ. ವಂಶವಾಹಿಗಳು ಒಂದಿಷ್ಟು ಒಲವು ಕೊಟ್ಟಿರುತ್ತವೆ, ಅದರ ಮೇಲೆ ಹೊರಗಿನ ಏನೋ ಒಂದು ಕಿಡಿ ತಾಗುತ್ತದೆ. ಗಟ್ಟಿಯಾಗಿ ಗೊತ್ತಿರುವ ಹೊರಗಿನ ಕಾರಣ ಧೂಮಪಾನ. ಅದು ರುಮಟಾಯ್ಡ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಬಂದ ಮೇಲೆ ಔಷಧ ಕೆಲಸ ಮಾಡುವುದನ್ನೂ ಕುಗ್ಗಿಸುತ್ತದೆ. ಸೇದುತ್ತಿದ್ದರೆ ಬಿಡಿ, ಬಿಡಲು ನೆರವು ಕೇಳಿ. ತಣ್ಣೀರಲ್ಲಿ ಕೈಯಾಡಿಸಿದ್ದಕ್ಕೆ, ಬೆರಳು ಲಟಿಗೆ ಮುರಿದದ್ದಕ್ಕೆ ಬಂತು ಎನ್ನುವವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಪೂರ್ತಿ ವಾಸಿಯಾಗುತ್ತದೆಯೇ? ಕೈಕಾಲು ಸೊಟ್ಟಗಾಗಿಯೇ ಆಗುತ್ತದೆಯೇ?

ಬೇರುಸಮೇತ ಕಿತ್ತುಹಾಕುವ ಔಷಧ ಇನ್ನೂ ಬಂದಿಲ್ಲ. ಕಾಯಿಲೆಯನ್ನು ಮಲಗಿಸುವ ಔಷಧಗಳು ಬಂದಿವೆ. ನೋವಿಲ್ಲ, ಊತವಿಲ್ಲ, ರಕ್ತದಲ್ಲಿ ಉರಿಯೂತದ ಗುರುತಿಲ್ಲ ಎಂಬ ಸ್ಥಿತಿಗೆ ಬಹಳ ಜನ ತಲುಪುತ್ತಾರೆ. ವೈದ್ಯರು ಆ ಗುರಿಯಿಟ್ಟುಕೊಂಡೇ ಮೊದಮೊದಲು ಒಂದರಿಂದ ಮೂರು ತಿಂಗಳಿಗೊಮ್ಮೆ ನೋಡಿ ಔಷಧ ಹೊಂದಿಸುತ್ತಾರೆ. ಪರವಾಗಿಲ್ಲ, ಸ್ವಲ್ಪ ಕಡಿಮೆಯಾಗಿದೆ ಎಂಬಲ್ಲಿಗೆ ತೃಪ್ತಿಪಟ್ಟು ನಿಲ್ಲಬೇಡಿ.

ಫ್ರಾನ್ಸಿನ ಚಿತ್ರಕಾರ ರೆನ್ವಾರ್‌ಗೆ ಐವತ್ತರ ಆಸುಪಾಸಿನಲ್ಲಿ ರುಮಟಾಯ್ಡ್ ಬಂತು. 1919ರಲ್ಲಿ ತೀರಿಕೊಳ್ಳುವವರೆಗೂ ಮುರುಟಿದ ಬೆರಳುಗಳಲ್ಲೇ ಕುಂಚ ಹಿಡಿದು ಚಿತ್ರ ಬರೆದರು. ಆ ಛಲವನ್ನು ಹೊಗಳಿ ಬರೆದದ್ದು ಬೇಕಾದಷ್ಟಿದೆ. ಅವರ ಕೈಗಳ ಫೋಟೋ ನೋಡಿದಾಗ ನನಗೆ ಕಾಣುವುದು ಔಷಧವೇ ಇಲ್ಲದ ಕಾಲ. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಮೊದಲ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಕಾರ್ಟಿಸೋನ್ ಕುರಿತ ಕೆಲಸಕ್ಕೆ 1950ರಲ್ಲಿ ಅವರಿಗೂ ಇಬ್ಬರು ಸಹವಿಜ್ಞಾನಿಗಳಿಗೂ ನೊಬೆಲ್ ಬಂತು. 1988ರಲ್ಲಿ ಅಮೆರಿಕದಲ್ಲಿ ಮೆಥೊಟ್ರೆಕ್ಸೇಟ್‌ಗೆ ರುಮಟಾಯ್ಡ್ ಔಷಧವಾಗಿ ಒಪ್ಪಿಗೆ ಸಿಕ್ಕಿತು. 1998ರಲ್ಲಿ ಬಯಾಲಜಿಕ್ ಎಂಬ ಹೊಸ ಬಗೆಯ ರುಮಟಾಯ್ಡ್ ಔಷಧಗಳಲ್ಲಿ ಮೊದಲನೆಯದು ಬಂತು. ಹಳೆಯ ಕಾಲದ ಕೈಗಳನ್ನು ನೋಡಿ ಇವತ್ತಿನ ರೋಗಿ ಹೆದರಬೇಕಿಲ್ಲ.

ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಮಾತ್ರೆಯಂತೆ. ತೆಗೆದುಕೊಳ್ಳಲು ಭಯ.

ಭಯ ಸಹಜ, ಔಷಧದ ಜೊತೆ ಬರುವ ಚೀಟಿಯಲ್ಲಿ ಹಾಗೆ ಬರೆದಿರುವುದೂ ನಿಜ. ಕ್ಯಾನ್ಸರ್‌ಗೆ ಕೊಡುವ ಪ್ರಮಾಣ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೀಲಿನ ಕಾಯಿಲೆಗೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ.

ವಾರಕ್ಕೆ ಒಂದು ದಿನ ಮಾತ್ರ. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಈ ತಪ್ಪಿನಿಂದ ಸಾವುಗಳಾಗಿವೆ. ವಾರದ ಯಾವ ದಿನವೆಂದು ಗೊತ್ತು ಮಾಡಿಕೊಂಡು ಮಾತ್ರೆಯ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ವಾಕರಿಕೆ, ಬಾಯಿಹುಣ್ಣು ಕಡಿಮೆಯಾಗಲೆಂದು ಜೊತೆಗೆ ಫೋಲಿಕ್ ಆಮ್ಲ ಕೊಡುತ್ತಾರೆ. ರಕ್ತಕಣ, ಲಿವರ್, ಕಿಡ್ನಿಯ ಪರೀಕ್ಷೆಗಳನ್ನು ತಪ್ಪಿಸಬೇಡಿ. ಲಿವರ್‌ನ ದೃಷ್ಟಿಯಿಂದ ಮದ್ಯದಿಂದ ದೂರವಿರುವುದೇ ಒಳ್ಳೆಯದು. ಬಿಡದ ಒಣಕೆಮ್ಮು, ಉಬ್ಬಸ ಬಂದರೆ ಕೂಡಲೇ ತಿಳಿಸಿ. ಔಷಧ ಹಿಡಿಯಲು 6ರಿಂದ 12 ವಾರ ಬೇಕು. ಎರಡನೇ ವಾರಕ್ಕೇ ಏನೂ ಆಗಲಿಲ್ಲವೆಂದು ಬಿಟ್ಟುಬಿಡುವವರನ್ನು ತುಂಬ ನೋಡಿದ್ದೇನೆ. ದಯವಿಟ್ಟು ತಾಳಿಕೊಳ್ಳಿ.

ಸ್ಟೀರಾಯ್ಡ್ ಕೊಟ್ಟರೆ ಎರಡೇ ದಿನಕ್ಕೆ ಆರಾಮ. ಅದನ್ನೇ ಮುಂದುವರಿಸಬಾರದೇ?

ಮುಖ್ಯ ಔಷಧ ಹಿಡಿಯುವವರೆಗೆ ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ಕೊಡುತ್ತಾರೆ, ಆಮೇಲೆ ಹಂತಹಂತವಾಗಿ ಇಳಿಸುತ್ತಾರೆ. ಬಹಳ ಕಾಲ ನುಂಗಿದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸೋಂಕು ಬೇಗ ಹತ್ತುತ್ತದೆ. ಹಾಗೆಂದು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಏಕೆಂದರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ಹೆಸರಿಲ್ಲದ, ಒಳಗೇನಿದೆಯೆಂದು ಬರೆಯದ ಪುಡಿ, ಗುಳಿಗೆಯಿಂದ ರಾತ್ರಿ ಕಳೆಯುವುದರೊಳಗೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದೆಂದು ಅನುಮಾನಿಸಿ.

ಬಯಾಲಜಿಕ್ ಅಂದರೇನು?

ಉರಿಯೂತ ಹಬ್ಬಿಸುವ ಟಿಎನ್‌ಎಫ್‌ನಂಥ ಒಂದೊಂದು ನಿರ್ದಿಷ್ಟ ಅಣುವನ್ನೇ ಗುರಿಯಾಗಿಸಿ ತಡೆಯುವ ಔಷಧಗಳು. ಚುಚ್ಚುಮದ್ದಾಗಿ ಅಥವಾ ಡ್ರಿಪ್ ಮೂಲಕ ಕೊಡುತ್ತಾರೆ. ಮೊದಲ ಸಾಲಿನ ಔಷಧಗಳಿಂದ ಗುರಿ ಮುಟ್ಟದಿದ್ದಾಗ ಇವುಗಳ ಸರದಿ. ಶುರುವಿಗೆ ಮೊದಲು ಅಡಗಿರುವ ಕ್ಷಯ ಮತ್ತು ಹೆಪಟೈಟಿಸ್ ಬಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಇವನ್ನು ತೆಗೆದುಕೊಳ್ಳುವಾಗ ಜ್ವರ ಬಂದರೆ ಮುಂದಿನ ಡೋಸ್‌ಗೆ ಮೊದಲು ವೈದ್ಯರನ್ನು ಕೇಳಿ. ಜೀವಂತ ರೋಗಾಣುಗಳಿರುವ ಲಸಿಕೆ ಬೇಡ. ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನು ಹಾಕಿಸಿಕೊಳ್ಳುವುದು ಒಳ್ಳೆಯದು.

ಈಗ ಆರಾಮಾಗಿದ್ದೇನೆ. ಮಾತ್ರೆ ನಿಲ್ಲಿಸಲೇ?

ನೀವಾಗಿ ನಿಲ್ಲಿಸಬೇಡಿ. ಆರಾಮಾಗಿರುವುದು ಮಾತ್ರೆಯಿಂದಲೇ. ಬಹಳ ಕಾಲ ಕಾಯಿಲೆ ತಲೆಯೆತ್ತದಿದ್ದರೆ ವೈದ್ಯರೇ ನಿಧಾನವಾಗಿ ಪ್ರಮಾಣ ಇಳಿಸಿ ನೋಡುತ್ತಾರೆ.

ಯಾವ ಪಥ್ಯ ಮಾಡಬೇಕು?

ಸಂಧಿವಾತವನ್ನು ವಾಸಿ ಮಾಡುವ ಆಹಾರವಿಲ್ಲ. ಇದನ್ನು ಬಿಡಿ, ಅದನ್ನು ಬಿಡಿ ಎಂಬ ಪಟ್ಟಿ ಪಾಲಿಸುತ್ತ ಸೊರಗಿ, ರಕ್ತಹೀನತೆ ತಂದುಕೊಂಡವರಿದ್ದಾರೆ. ತರಕಾರಿ, ಹಣ್ಣು, ಕಾಳು ಧಾರಾಳವಾಗಿರುವ ಸಮತೋಲನದ ಊಟ ಸಾಕು. ತೂಕ ಹೆಚ್ಚಿದ್ದರೆ ಇಳಿಸಿದಷ್ಟೂ ಮಂಡಿ, ಪಾದಕ್ಕೆ ಹಗುರ, ಔಷಧವೂ ಚೆನ್ನಾಗಿ ಕೆಲಸ ಮಾಡುತ್ತದೆ. ಗೌಟ್ ಮಾತ್ರ ಬೇರೆ. ಅಲ್ಲಿ ಮದ್ಯ, ಸಿಹಿ ಪಾನೀಯ, ಹೆಚ್ಚಿನ ಮಾಂಸ ಯೂರಿಕ್ ಆಮ್ಲವನ್ನು ನೇರವಾಗಿ ಏರಿಸುತ್ತವೆ.

ವ್ಯಾಯಾಮ ಮಾಡಿದರೆ ಕೀಲು ಇನ್ನಷ್ಟು ಹಾಳಾಗುವುದಿಲ್ಲವೇ?

ಇಲ್ಲ. ಕೀಲು ಊದಿ ಬಿಸಿಯಾಗಿರುವ ದಿನ ಅದಕ್ಕೆ ಬಿಡುವು ಕೊಡಿ, ಮೆಲ್ಲಗೆ ಮಡಚಿ ಬಿಡಿಸುವುದಷ್ಟೇ ಸಾಕು. ಉಳಿದ ದಿನ ನಡಿಗೆ, ಈಜು, ಸೈಕಲ್, ಸ್ನಾಯು ಬಲಪಡಿಸುವ ವ್ಯಾಯಾಮ ಎಲ್ಲವೂ ಬೇಕು. ಸ್ಪಾಂಡಿಲೈಟಿಸ್ ಇರುವವರಿಗಂತೂ ವ್ಯಾಯಾಮ ಔಷಧದಷ್ಟೇ ಮುಖ್ಯ.

ನಿನ್ನೆ ಚೆನ್ನಾಗಿಯೇ ಓಡಾಡುತ್ತಿದ್ದರು. ಇವತ್ತು ಹಾಸಿಗೆಯಿಂದ ಏಳುತ್ತಿಲ್ಲ. ಇದು ನಿಜವೇ?

ನಿಜ. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವವರಿಗಿಂತ ಮನಸ್ಸಲ್ಲೇ ಇಟ್ಟುಕೊಳ್ಳುವವರು ಹೆಚ್ಚು. ಕಾಯಿಲೆ ಏರಿಳಿಯುತ್ತದೆ. ಒಂದು ಸೋಂಕು, ನಿದ್ದೆಗೇಡು, ಮನಸ್ಸಿನ ಒತ್ತಡ, ತಪ್ಪಿದ ಒಂದು ಡೋಸ್, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಕೀಲುಗಳು ಕೆರಳುತ್ತವೆ. ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲಾಗದ ಅದೇ ಕೈ ಸಂಜೆ ಬಾಟಲಿಯ ಮುಚ್ಚಳ ತೆಗೆದೀತು.

ನೋವಿಗಿಂತ ಹೇಳಿಕೊಳ್ಳಲು ಕಷ್ಟವಾದದ್ದು ಆಯಾಸ. ರಾತ್ರಿಯಿಡೀ ನಿದ್ದೆ ಮಾಡಿ ಎದ್ದರೂ ಮೈಯಲ್ಲಿ ಜೀವವಿಲ್ಲ. ಜ್ವರ ಬಿಟ್ಟ ಮರುದಿನದ ನಿತ್ರಾಣ ವಾರಗಟ್ಟಲೆ ಮೈಗಂಟಿಕೊಂಡ ಹಾಗೆ. ಉರಿಯೂತದ ರಾಸಾಯನಿಕಗಳು ಮಿದುಳಿನವರೆಗೂ ಮುಟ್ಟುವುದರಿಂದ, ರಕ್ತಹೀನತೆಯಿಂದ, ನೋವು ಕೆಡಿಸಿದ ನಿದ್ದೆಯಿಂದ ಇದು ಬರುತ್ತದೆ. ಸೋಮಾರಿತನವೆಂದು ಕರೆದರೆ ಆ ಮಾತು ಕೀಲುನೋವಿಗಿಂತ ಆಳಕ್ಕೆ ಇಳಿಯುತ್ತದೆ. ಆಯಾಸ ಹೆಚ್ಚಿದ್ದರೆ ವೈದ್ಯರಿಗೆ ಹೇಳಿ. ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಇದೆಯೇ ಎಂದು ನೋಡಬಹುದು, ಅವುಗಳಿಗೆ ಚಿಕಿತ್ಸೆಯಿದೆ.

ಮನೆಯವರು, ಸಹೋದ್ಯೋಗಿಗಳು ಏನು ಮಾಡಬಹುದು?

ಮೊದಲು, ನಂಬಿ. ಆಮೇಲೆ, ಕೇಳಿ: ಇವತ್ತು ಹೇಗಿದೆ, ಯಾವುದನ್ನು ನಾನು ಮಾಡಲಿ? ಕೇಳದೆ ಎಲ್ಲವನ್ನೂ ಕಿತ್ತುಕೊಂಡು ಮಾಡಿದರೆ ಕೈಲಾಗದವರೆಂಬ ಭಾವ ಬಲಿಯುತ್ತದೆ. ದಪ್ಪ ಹಿಡಿಯ ಪಾತ್ರೆ, ದಪ್ಪ ಪೆನ್ನು, ತಿರುಗಿಸುವ ಬದಲು ಒತ್ತಿ ತೆರೆಯುವ ನಲ್ಲಿ ಮತ್ತು ಬಾಗಿಲ ಹಿಡಿ ತುಂಬ ನೆರವಾಗುತ್ತವೆ. ಭಾರವನ್ನು ಬೆರಳಲ್ಲಿ ಎತ್ತದೆ ಮುಂಗೈ, ಭುಜದ ಮೇಲೆ ಹೊರುವುದು ಅಭ್ಯಾಸವಾಗಲಿ. ಕಚೇರಿಯಲ್ಲಿ ಬೆಳಗಿನ ಸಮಯ ಸ್ವಲ್ಪ ಸಡಿಲಿಸಿದರೆ, ನಡುನಡುವೆ ಎದ್ದು ಓಡಾಡಲು ಬಿಟ್ಟರೆ ಎಷ್ಟೋ ಜನ ಕೆಲಸ ಬಿಡಬೇಕಾಗುವುದಿಲ್ಲ.

ಮಕ್ಕಳನ್ನು ಹೆರಬಹುದೇ?

ಖಂಡಿತ, ಆದರೆ ಮೊದಲೇ ಯೋಜಿಸಿ. ಮೆಥೊಟ್ರೆಕ್ಸೇಟ್ ಮತ್ತು ಇದೇ ಕಾಯಿಲೆಗೆ ಕೊಡುವ ಲೆಫ್ಲುನೊಮೈಡ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಮೆಥೊಟ್ರೆಕ್ಸೇಟನ್ನು ಗರ್ಭ ಧರಿಸುವ ಒಂದರಿಂದ ಮೂರು ತಿಂಗಳ ಮುಂಚೆಯೇ ನಿಲ್ಲಿಸುತ್ತಾರೆ. ಲೆಫ್ಲುನೊಮೈಡ್ ದೇಹದಲ್ಲಿ ದೀರ್ಘಕಾಲ ಉಳಿಯುವುದರಿಂದ ಅದನ್ನು ಹೊರಹಾಕಲು ಬೇರೆ ಔಷಧವನ್ನೇ ಕೊಡಬೇಕಾಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್ ಎಂಬ ಔಷಧಗಳು ಬಸುರಿನಲ್ಲೂ ಮುಂದುವರಿಸಬಹುದಾದವು. ಬಸುರಿನಲ್ಲಿ ಬಹಳಷ್ಟು ಜನರಿಗೆ ರುಮಟಾಯ್ಡ್ ತಣ್ಣಗಾಗಿ, ಹೆರಿಗೆಯ ನಂತರದ ತಿಂಗಳುಗಳಲ್ಲಿ ಮತ್ತೆ ಕೆರಳುತ್ತದೆ. ಎಳೆಗೂಸನ್ನು ಎತ್ತಿಕೊಳ್ಳುವ ಆ ದಿನಗಳಿಗೆ ಇನ್ನೊಬ್ಬರ ನೆರವನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮಗುವಿಗೂ ಬಂದೇ ಬರುತ್ತದೆಂಬ ಹೆದರಿಕೆ ಬೇಡ; ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ.

ತೊಂದರೆ ಕೀಲಿಗಷ್ಟೇ ತಾನೇ?

ಅಲ್ಲ. ಹತೋಟಿಗೆ ಬಾರದ ಉರಿಯೂತ ಹೃದಯದ ರಕ್ತನಾಳ, ಶ್ವಾಸಕೋಶ, ಕಣ್ಣು, ಮೂಳೆಗಳನ್ನೂ ಕಾಡುತ್ತದೆ. ರಕ್ತದೊತ್ತಡ, ಕೊಲೆಸ್ಟರಾಲ್ ನೋಡಿಸಿಕೊಳ್ಳಿ. ಬಹುಕಾಲದಿಂದ ರುಮಟಾಯ್ಡ್ ಇದ್ದರೆ ಕುತ್ತಿಗೆಯ ಮೇಲ್ಭಾಗದ ಮೂಳೆಗಳು ಸಡಿಲವಾಗಿರಬಹುದು. ಯಾವುದೇ ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವ ವೈದ್ಯರಿಗೆ ಇದನ್ನು ತಪ್ಪದೆ ತಿಳಿಸಿ.

ಜಾಗೃತಿ ಮೂಡಿಸಲು ನನ್ನಂಥವರು ಏನು ಮಾಡಬಹುದು?

1996ರಿಂದ ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ. ಮೇ ತಿಂಗಳ ಮೊದಲ ಶನಿವಾರ ವಿಶ್ವ ಸ್ಪಾಂಡಿಲೈಟಿಸ್ ದಿನ. ಆ ದಿನಗಳಲ್ಲಿ ಪರ್ವತ ಹತ್ತಿದವರ, ಓಟ ಓಡಿದವರ ಕತೆಗಳು ಬರುತ್ತವೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ರೋಗ ಇನ್ನೂ ಪತ್ತೆಯಾಗದೆ ನರಳುತ್ತಿರುವವರಿಗೆ ಅವು ಏನನ್ನೂ ಹೇಳುವುದಿಲ್ಲ. ಅವರಿಗೆ ತಲುಪಬೇಕಾದ ಸಂಗತಿ ಚಿಕ್ಕದು: ಕೀಲು ಊದಿದೆಯೇ, ಬೆಳಗಿನ ಬಿಗಿತ ಅರ್ಧ ಗಂಟೆ ಮೀರುತ್ತದೆಯೇ, 6 ವಾರದೊಳಗೆ ತೋರಿಸಿ.

ಈ ಮಾತು ಯಾರಿಗೆ ತಲುಪಬೇಕು ಎನ್ನುವುದೂ ಮುಖ್ಯ. ನೋವಿನ ಮಾತ್ರೆಗಾಗಿ ಜನ ಮತ್ತೆ ಮತ್ತೆ ಹೋಗುವ ಔಷಧ ಅಂಗಡಿಯವರು, ಕಣ್ಣಿನ ಉರಿಯೂತಕ್ಕೆ ಮೊದಲು ಕಾಣುವ ಕಣ್ಣಿನ ವೈದ್ಯರು, ಸೋರಿಯಾಸಿಸ್ ನೋಡುವ ಚರ್ಮವೈದ್ಯರು, ಫಿಸಿಯೋಥೆರಪಿಸ್ಟ್‌ಗಳು, ಕುಂಟುವ ಮಗುವನ್ನು ದಿನಾ ನೋಡುವ ಶಾಲೆಯ ಮೇಷ್ಟರು. ಇವರಲ್ಲಿ ಒಬ್ಬರು "ನಿಮಗೆ ಬೆಳಗ್ಗೆ ಎಷ್ಟು ಹೊತ್ತು ಬಿಗಿದಿರುತ್ತದೆ?" ಎಂದು ಕೇಳಿದರೂ ಒಂದು ಕೈ ಉಳಿದೀತು. ನಿಮ್ಮ ಕಾಯಿಲೆಯ ವಿಷಯ ಹೇಳಿಕೊಳ್ಳಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಹೇಳುವುದಾದರೆ ಆಯಾಸವನ್ನೂ ಕೆಟ್ಟ ದಿನಗಳನ್ನೂ ಮುಚ್ಚಿಡದೆ ಹೇಳಿ.

ಮೊದಲ ಸಲ ರುಮಟಾಲಜಿಸ್ಟ್ ಬಳಿ ಹೋಗುತ್ತಿದ್ದೇನೆ. ಏನು ಸಿದ್ಧತೆ ಬೇಕು?

ಕೀಲು ಊದಿದ ದಿನವೇ ಫೋನಿನಲ್ಲಿ ಫೋಟೋ ತೆಗೆದಿಡಿ, ಏಕೆಂದರೆ ಭೇಟಿಯ ದಿನ ಊತ ಇಳಿದಿರಬಹುದು. ಯಾವ ಕೀಲು ಯಾವಾಗ ಶುರುವಾಯಿತು, ಬಿಗಿತ ಎಷ್ಟು ಹೊತ್ತು, ಈವರೆಗೆ ತೆಗೆದುಕೊಂಡ ಎಲ್ಲ ಔಷಧ, ಪುಡಿ, ಚುಚ್ಚುಮದ್ದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್, ಕಣ್ಣಿನ ಉರಿಯೂತ, ಬೆನ್ನು ಬಿಗಿತ, ಕ್ಷಯ ಇತ್ತೇ ಎಂದು ಕೇಳಿಕೊಂಡು ಹೋಗಿ. ಮಗು ಬೇಕೆಂಬ ಯೋಚನೆಯಿದ್ದರೆ ಅವರು ಕೇಳುವ ಮೊದಲೇ ಹೇಳಿ. ಉಗುರಿಗೆ ಬಣ್ಣ ಹಚ್ಚಿಕೊಳ್ಳಬೇಡಿ, ಅವರು ಉಗುರನ್ನೂ ನೋಡುತ್ತಾರೆ. ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಮೊದಲ ದಿನ ಕೇಳಿದ್ದರಲ್ಲಿ ಅರ್ಧ ತಲೆಯಲ್ಲಿ ಉಳಿಯುವುದಿಲ್ಲ. ಹೊರಡುವ ಮುನ್ನ ಎರಡು ವಿಷಯ ಬರೆದುಕೊಳ್ಳಿ: ಮುಂದಿನ ರಕ್ತಪರೀಕ್ಷೆ ಯಾವ ದಿನ, ಮತ್ತು ನಡುವೆ ಕೀಲು ಕೆರಳಿದರೆ ಯಾರಿಗೆ ಫೋನ್ ಮಾಡಬೇಕು.